ಮಂಗಳವಾರ ರಾತ್ರಿಯ ವೇಷಗಳು

ಕಳೆದ ತಿಂಗಳು ಅಮಾಸೆಬೈಲಿಗೆ ಹೋದಾಗ ಮನೆಯಲ್ಲಿ ಯಾರಿಗೂ ಮಾತಿಲ್ಲ. ತಂಗಿಗೆ ಪಿಯುಸಿ ಮುಗೀತಾ ಬಂತು, ಫ್ಯಾಷನ್ ಡಿಸೈನ್ ಓದ್ತೇನೆ ಅಂತ ಹಠ. "ಹೊಲಿಗಿ ಕಲೂಕೆ ಬೆಂಗ್ಳೂರಿಗ್ ಹೋಯ್ಕಾ?" ಅಂತ ಅಪ್ಪಯ್ಯ. ನ್ಯಾಯ ಹೇಳೋಕೆ ನಾನು. ಕೋಡ್ ಬರೆಯೋನಿಗೆ ಬಟ್ಟೆ ವಿಷಯ ಏನು ಗೊತ್ತು?

ತಂಗಿ ಫೋನಲ್ಲಿ ಲಂಡನ್ನಿನ ಹಳೇ ಫೋಟೊ ತೋರಿಸಿದಳು. 1979, ಕೋವೆಂಟ್ ಗಾರ್ಡನ್, ಬ್ಲಿಟ್ಜ್ ಅನ್ನೋ ಜಾಗ. ಮಂಗಳವಾರ ರಾತ್ರಿ ಮಾತ್ರ ಅವರ ಕ್ಲಬ್. ಬಾಗಿಲಲ್ಲಿ ಸ್ಟೀವ್ ಸ್ಟ್ರೇಂಜ್ ನಿಂತಿರ್ತಿದ್ದ; ವೇಷ ಚೆನ್ನಾಗಿಲ್ಲದಿದ್ರೆ ಒಳಗೆ ಬಿಡ್ತಿರಲಿಲ್ಲ. ಕೋಟು ಇಟ್ಕೊಳ್ಳೋ ಕೌಂಟರಲ್ಲಿ ಬಾಯ್ ಜಾರ್ಜ್. ಬರುತ್ತಿದ್ದವರಲ್ಲಿ ಎಷ್ಟೋ ಜನ ಸೇಂಟ್ ಮಾರ್ಟಿನ್ಸ್ ಕಲಾಶಾಲೆಯವರು, ಜೇಬು ಖಾಲಿ. ಹಳೇ ಬಟ್ಟೆ ಕತ್ತರಿಸಿ ತಾವೇ ಹೊಲಿದು ಉಟ್ಟು ಬರ್ತಿದ್ದರು. ಅಲ್ಲಿಗೆ ಟೋಪಿ ಮಾಡ್ಕೊಂಡು ಬರ್ತಿದ್ದ ಸ್ಟೀಫನ್ ಜೋನ್ಸ್ ಮುಂದೆ ದೊಡ್ಡ ಹೆಸರು. ಅದೇ ಕಾಲೇಜಿನ ಜಾನ್ ಗಲಿಯಾನೊ 1984ರಲ್ಲಿ ಪದವಿಗೆಂದು ಮಾಡಿದ ಉಡುಪುಗಳನ್ನು ಬ್ರೌನ್ಸ್ ಅಂಗಡಿ ಕೊಂಡುಕೊಂಡಿತು. ಹತ್ತು ಹನ್ನೆರಡು ವರ್ಷದಲ್ಲಿ ಆತ ಪ್ಯಾರಿಸ್ಸಿನ ಡಿಯೋರ್ ಮನೆಗೇ ಮುಖ್ಯಸ್ಥ. 2013ರಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಆ ಕ್ಲಬ್ ಬಟ್ಟೆಗಳನ್ನೇ ಪ್ರದರ್ಶನಕ್ಕಿಟ್ಟಿತು.

"ರಾತ್ರಿ ಹೊತ್ತಿನ್ ವೇಷ, ಅಷ್ಟೆ," ಅಂದ್ರು ಅಪ್ಪಯ್ಯ.

ಮರುದಿನ ಪಕ್ಕದ ಗದ್ದೆಯಲ್ಲಿ ಹರಕೆ ಆಟ. (ಮಂದಾರ್ತಿ ಮೇಳದ ಆಟಕ್ಕೆ ವರ್ಷಗಟ್ಟಲೆ ಕಾಯ್ಬೇಕು, ನಿಮಗೂ ಗೊತ್ತಲ್ಲ.) ತಂಗಿ ಸಂಜೆಯೇ ಚೌಕಿಗೆ ಹೋದಳು, ಹಿಂದೆಯೇ ಅಪ್ಪಯ್ಯ, ನಾನು. ಒಬ್ಬರು ಕನ್ನಡಿ ಹಿಡಿದು ಹಳದಿ ಬಣ್ಣ ಹಚ್ತಾ ಇದ್ರು, ಇನ್ನೊಬ್ಬರು ಮುಂಡಾಸು ಸುತ್ತಿಕೊಳ್ತಾ ಇದ್ರು. ಕೆಂಪು ಚೌಕಳಿ ಕಸೆ ಸೀರೆ, ಎದೆಕಟ್ಟು, ಭುಜಕೀರ್ತಿ. ಹಳದಿ, ಕೆಂಪು, ಕಪ್ಪು: ದೊಂದಿಯ ಮಸುಕು ಬೆಳಕಲ್ಲೂ ದೂರದವರಿಗೆ ಎದ್ದು ಕಾಣುವ ಬಣ್ಣಗಳು. ನಮ್ಮಲ್ಲೂ ರಾತ್ರಿಯೇ ಬಟ್ಟೆಯನ್ನು ರೂಪಿಸಿದ್ದು ಅಂತ ನನಗೆ ಆಗ ಹೊಳೆಯಿತು, ಮೂವತ್ತು ವರ್ಷ ನೋಡಿದ ಮೇಲೆ!

ತಂಗಿ ಸೀರೆಯ ನೆರಿಗೆ ಎಣಿಸಿ ಪುಸ್ತಕದಲ್ಲಿ ಗೀಚಿಕೊಳ್ತಾ ಇದ್ದಳು. ಅಪ್ಪಯ್ಯ ಬಗ್ಗಿ ನೋಡಿ, "ಕೇದಗೆ ಮುಂದಲೆ ಹಾಂಗಲ್ಲ, ಇನ್ನೂ ಮೇಲ್ ಬರ್ಕ್," ಅಂತ ತಿದ್ದಿದರು. ಅವಳು ಅಳಿಸಿ ಮತ್ತೆ ಬರೆದಳು.

ಬೆಳಗಿನ ಜಾವ ಮನೆಗೆ ನಡೆಯುವಾಗ ಅವರು ನನ್ನ ಹತ್ತಿರ ಮೆಲ್ಲಗೆ ಕೇಳಿದ್ದು: "ಫೀಸ್ ಎಷ್ಟ್ ಅಂಬ್ರ್?"