ನಾಲ್ಕು ಇಂದ್ರಿಯಗಳಿಗಿಲ್ಲದ ಹೊಲೆ ಐದನೆಯದಕ್ಕೆ ಎಲ್ಲಿಂದ ಬಂತು?

ರಾಘವಾಂಕನ 'ಹರಿಶ್ಚಂದ್ರ ಕಾವ್ಯ'ವೆಂದರೆ ಸತ್ಯಪಾಲನೆಯ ಕಥೆ, ಅಷ್ಟೇ ಎಂದು ಪುರಾಣ-ಪ್ರವಚನಗಳಲ್ಲಿ ಹೇಳಿ ಮುಗಿಸುವವರುಂಟು. ಅರಸನೊಡನೆ ವಾದಕ್ಕೆ ನಿಲ್ಲುವ ಅನಾಮಿಕ ಕನ್ಯೆಯರ ಪ್ರಸಂಗವನ್ನು ಅವರಲ್ಲಿ ಕೆಲವರು ಬಿಟ್ಟೇಬಿಡುತ್ತಾರೆ. ಉಳಿದವರು "ಅದು ವಿಶ್ವಾಮಿತ್ರನ ಕುತಂತ್ರ" ಎಂದು ಒಂದೇ ಮಾತಿನಲ್ಲಿ ದಾಟಿಬಿಡುತ್ತಾರೆ. ಇದು ಕವಿಗೆ ಬಗೆಯುವ ಅನ್ಯಾಯ.

ಪ್ರಸಂಗವಿಷ್ಟು. ಕನ್ಯೆಯರ ಗಾನಕ್ಕೆ ಅರಸನು ಮೆಚ್ಚುತ್ತಾನೆ. ಅವರು ಅವನ ಸತ್ತಿಗೆಯನ್ನು ಬೇಡುತ್ತಾರೆ. ಅದು ವಂಶದ ಸ್ವತ್ತೆಂದು ಕೊಡನು. ಹಾಗಾದರೆ ನಮ್ಮನ್ನು ವರಿಸೆನ್ನುತ್ತಾರೆ. ಕುಲವನ್ನು ಮುಂದೊಡ್ಡಿ ನಿರಾಕರಿಸುತ್ತಾನೆ. ಆಗ ಅವರು ಕೇಳುವ ಪ್ರಶ್ನೆಯ ಸಾರವಿದು: ಹಾಡು ಕೇಳಿದ ಕಿವಿಗೆ, ರೂಪ ನೋಡಿದ ಕಣ್ಣಿಗೆ, ಮಾತನಾಡಿದ ಬಾಯಿಗೆ, ಗಂಧವನ್ನು ಸವಿದ ಮೂಗಿಗೆ ತಟ್ಟದ ಹೊಲೆ ಸ್ಪರ್ಶಕ್ಕೆ ಮಾತ್ರ ಹೇಗೆ ತಟ್ಟಿತು?

ಈ ವಾದದ ಬಲವು ಕನ್ನಡ ನುಡಿಯಲ್ಲಿಯೇ ಇದೆ. 'ಹೊಲೆ' ಎಂದರೆ ಮೈಲಿಗೆ. ಅದೇ ಪದವನ್ನು ಸಮಾಜವು ಒಂದು ಕುಲದ ಹಣೆಗೆ ಕಟ್ಟಿತು. ಕನ್ಯೆಯರು ಶಾಸ್ತ್ರವಾಕ್ಯವನ್ನು ಹುಡುಕಹೋಗುವುದಿಲ್ಲ. ಆ ಪದವನ್ನೇ ಹಿಡಿದು, ಹೊಲೆಯು ಎಲ್ಲಿದೆ ತೋರಿಸೆನ್ನುತ್ತಾರೆ. 12ನೆಯ ಶತಮಾನದ ಶರಣರು ಆ ಪದವನ್ನು ಹುಟ್ಟಿನಿಂದ ಬಿಡಿಸಿ ನಡತೆಗೆ ಹಚ್ಚಿದ್ದರು. ಆ ನುಡಿಸಂಸ್ಕಾರವುಳ್ಳ ಕೇಳುಗರಿಗೆ ಈ ವಾದವು ಥಟ್ಟನೆ ನಾಟುತ್ತದೆ. ಬೇರೆ ಭಾಷೆಗೆ ತಂದಾಗ ತರ್ಕವು ಉಳಿದೀತು, ಪದದ ಈ ಇಕ್ಕಟ್ಟು ಉಳಿಯದು.

ಕಳುಹಿದವನು ವಿಶ್ವಾಮಿತ್ರನೆಂಬುದು ನಿಜ. ಆದರೆ ಕಳುಹಿದವನ ಉದ್ದೇಶದಿಂದ ಪ್ರಶ್ನೆಯು ಸುಳ್ಳಾಗುವುದಿಲ್ಲ. ಅವರು ಬರಿಯ ಮೋಹಿನಿಯರೇ ಆಗಿದ್ದರೆ ಕವಿಯು ಅವರಿಗೆ ಹಾವಭಾವವನ್ನಷ್ಟೇ ಕೊಡುತ್ತಿದ್ದನು, ಇಂಥ ತರ್ಕವನ್ನಲ್ಲ.

ಅರಸನು ಮಣಿಯಲಿಲ್ಲವಾದುದರಿಂದ ವಾದವು ಸೋತಿತೆಂಬುದು ಇನ್ನೊಂದು ಆಕ್ಷೇಪ. ಇಲ್ಲಿಯೇ ನಮ್ಮ ಸಂಸ್ಕೃತಿಯ ಅಳತೆಗೋಲನ್ನು ಮರೆಯಬಾರದು. ಮಾತಿನ ಗೆಲವು ಮಾತಿನಲ್ಲಿಯೇ ತೀರ್ಮಾನವಾಗುವುದು ಸಭೆಯ ಪದ್ಧತಿ. ನುಡಿಯನ್ನು ನಡೆಯಿಂದ ಒರೆಹಚ್ಚುವುದು ಶರಣರ ಪದ್ಧತಿ. ಕನ್ಯೆಯರನ್ನು ವರಿಸುವುದಕ್ಕಿಂತ ರಾಜ್ಯವನ್ನೇ ಕೊಟ್ಟೇನೆಂದ ಅರಸನು ಕಡೆಗೆ ಕಾಶಿಯಲ್ಲಿ ಸುಡುಗಾಡಿನ ಒಡೆಯ ವೀರಬಾಹುಕನಿಗೆ ಆಳಾಗುತ್ತಾನೆ. ಯಾವ ಕುಲದವರ ಸ್ಪರ್ಶಕ್ಕೆ ಅಂಜಿದನೋ ಅಂಥ ಕುಲದವನ ಅನ್ನದ ಋಣದಲ್ಲಿ ನಿಂತು ತನ್ನ ಸತ್ಯವನ್ನು ಉಳಿಸಿಕೊಳ್ಳುತ್ತಾನೆ. ಬಾಯಿಂದ ಬಾರದ ಉತ್ತರವನ್ನು ಕಥೆಯೇ ಅವನ ಬದುಕಿನಿಂದ ಹೊರಡಿಸುತ್ತದೆ.

ಕನ್ಯೆಯರನ್ನು ಕಥೆಯಿಂದ ಕಿತ್ತರೆ ವೀರಬಾಹುಕನು ಬರಿಯ ಒಂದು ಕಷ್ಟವಾಗಿ ಉಳಿಯುತ್ತಾನೆ. ಅವರನ್ನು ಉಳಿಸಿಕೊಂಡರೆ ಆತನು ಅವರ ಪ್ರಶ್ನೆಗೆ ಉತ್ತರವಾಗುತ್ತಾನೆ. ಆದುದರಿಂದ ಪ್ರವಚನಕಾರರು ಈ ಪ್ರಸಂಗವನ್ನು ನುಂಗದೆ ಹೇಳಬೇಕು. ಹೇಳದಿದ್ದಲ್ಲಿ ಸದ್ಭಕ್ತರು ಎದ್ದು ನಿಂತು ಕೇಳಬೇಕು. ಪ್ರಶ್ನಿಸುವುದು ಶರಣಧರ್ಮಕ್ಕೆ ಹೊರತಲ್ಲ.