ಮಿಸ್ರಿ ಜೇನಿಗೂ ಹೇಳೋಕೊಂದು ಸುದ್ದಿ ಬೇಕು

ನಮ್ಮ ಸಕಲೇಶಪುರ, ಆಲೂರು ಕಡೆ ಹಳೇ ಮನೆ ಗೋಡೆ ಸಂದಿಲಿ ಮಿಸ್ರಿ ಜೇನು ಕೂರೋದು ಹೊಸದೇನಲ್ಲ. ಮೇಣ, ಮರದಂಟು ಸೇರಿಸಿ ಮಾಡಿದ ಪುಟ್ಟ ಕೊಳವೆಯೇ ಬಾಗ್ಲು. ಹುಳ ಅಕ್ಕಿಕಾಳಿಗಿಂತ ಚಿಕ್ಕದು, ಚುಚ್ಚಲ್ಲ. ಅದ್ಕೇ ಇರಬೇಕು, ಸುಣ್ಣ ಹೊಡಿವಾಗ ಆ ಬಾಗ್ಲನ್ನೂ ಬಳಿದು ಮುಚ್ಚೋಕೆ ನಮಗೆ ಹೆದರಿಕೆ ಇಲ್ಲ.

ಆ ಗೋಡೆ ಒಳಗೆ ದಿನಾ ಊಟದ ಮಾತು ನಡೀತದೆ ಕಣ್ರೀ. ತುಡುವೆ ಜೇನು ಕುಣಿದು ಹೂವಿನ ದಿಕ್ಕು, ದೂರ ಹೇಳ್ತದೆ. ಮಿಸ್ರಿಗೆ ಆ ಕುಣಿತ ಇಲ್ಲ. 1950ರ ದಶಕದಲ್ಲಿ ಶ್ರೀಲಂಕಾದಲ್ಲಿ ಇದನ್ನ ನೋಡಿದ ಜರ್ಮನಿಯ ಮಾರ್ಟಿನ್ ಲಿಂಡಾವರ್, ಮೇವು ತಂದ ಹುಳ ಗೂಡೊಳಗೆ ಅಡ್ಡಾದಿಡ್ಡಿ ಓಡಿ, ಉಳಿದವನ್ನ ತಳ್ಳಿ ಎಬ್ಬಿಸ್ತದೆ ಅಂತ ಕಂಡರು. ಹೂವಿನ ವಾಸನೆ ಮೈಮೇಲೇ ಇರ್ತದೆ.

ಇದರ ನೆಂಟ, ಬ್ರೆಜಿಲ್ ಕಡೆಯ ಮೆಲಿಪೋನ ಜೇನು, ತಂದ ರಸವನ್ನ ಬಾಯಿಂದ ಬಾಯಿಗೆ ಕೊಡ್ತಾ ಎದೆಯ ಸ್ನಾಯು ನಡುಗಿಸಿ ತುಂಡುತುಂಡಾಗಿ ಗುಂಯ್ ಅಂತದೆ. ಹೂವು ದೂರ ಇದ್ದಷ್ಟೂ ಒಂದೊಂದು ಗುಂಯ್ ಉದ್ದ ಅಂತ 1965ರಲ್ಲಿ ಹರಾಲ್ಡ್ ಎಶ್ ಮತ್ತವರ ಜೊತೆಗಾರರು ಬರೆದರು. ಆಮೇಲಿನವರು ಅಳೆದು ನೋಡಿದಾಗ, ರಸದ ಸಿಹಿ ಹೆಚ್ಚಾದಷ್ಟೂ ಆ ನಡುಕವೂ ಜೋರಾಗ್ತದೆ ಅಂತ ಗೊತ್ತಾಯ್ತು. ಅಂದ್ರೆ ಮುಖ್ಯವಾಗಿ ಅದು ದಾರಿ ಹೇಳೋ ಮಾತಲ್ಲ, "ರುಚಿಯಾಗದೆ, ಏಳ್ರೋ" ಅನ್ನೋ ಮಾತು.

ನನ್ನ ತಕರಾರು ಇಲ್ಲೇ ಇರೋದು. ಮಿಸ್ರಿ ಬಹಳ ದೂರ ಹಾರೋ ಹುಳ ಅಲ್ಲ, ಮನೆ ಸುತ್ತಿನ ಕೆಲವು ನೂರು ಮೀಟರೇ ಅದರ ಲೋಕ. ಹೂಮಳೆ ಬಿದ್ದು ಕಾಫಿ ಅರಳಿದರೆ ನಾಲ್ಕು ದಿನ ಹಬ್ಬ. ರೋಬಸ್ಟಾಕ್ಕೆ ತನ್ನ ಗಿಡದ ಪರಾಗ ಹಿಡಿಯಲ್ಲ, ಬೇರೆ ಗಿಡದ್ದೇ ಬೇಕು. ಗಾಳಿ ಜೊತೆ ಜೇನೂ ತಂದುಕೊಡ್ತವೆ. ಆದ್ರೆ ಉಳಿದ ದಿನ ಅವಕ್ಕೆ ಹೊಟ್ಟೆ ಇಲ್ವಾ? ಬೇಲಿಯ ತುಂಬೆ, ಹಿತ್ತಲ ನುಗ್ಗೆ, ಬಾಳೆ, ಕಟ್ಟೆಯ ತುಳಸಿ, ಇವೇ ಅವುಗಳ ದಿನಸಿ. ನಾವು ಕಳೆನಾಶಕ ಹೊಡೆದು ತುಂಬೆ ಸುಡ್ತೀವಿ, ಅಂಗಳಕ್ಕೆಲ್ಲ ಸಿಮೆಂಟ್ ಹಾಕ್ತೀವಿ, ಆಮೇಲೆ ಜೇನು ಕಮ್ಮಿ ಆಯ್ತು ಅಂತೀವಿ.

ಗೋಡೆ ಒಡೆದು ತುಪ್ಪ ತೆಗೆಯೋದು ಬ್ಯಾಡ. ಬೇಕೇ ಬೇಕು ಅನ್ನೋರು ಪೆಟ್ಟಿಗೇಲಿ ಸಾಕಲಿ. ಸುಣ್ಣ ಹೊಡೆಯೋರಿಗೆ ಆ ಬಾಗ್ಲು ಬಿಡೋಕೆ ಹೇಳಿ. ಬೇಲಿ ಬುಡದಲ್ಲಿ ಒಂದು ಮಾರು ಜಾಗ ಔಷಧಿ ಇಲ್ಲದೆ ಇರಲಿ. ಗೂಡಿದ್ದರೆ ಸಾಲದು, ಹೊರಗೆ ಹೋದ ಹುಳ ಒಳಗೆ ಬಂದು ಹೇಳೋಕೆ ಒಂದು ಹೂವಾದ್ರೂ ಇರ್ಬೇಕಲ್ಲ.