ಮುದಿ ಕುಳ್ಳುಗುದುರೆಯ ಮೇವು
ಶೆಟ್ಲೆಂಡ್ ದ್ವೀಪಗಳ ಬಡನೆಲದಲ್ಲಿ ವಿರಳವಾದ ಹುಲ್ಲನ್ನೇ ಮೇಯ್ದು ಬಾಳುವುದಕ್ಕೆ ಒಗ್ಗಿದ ಕುಳ್ಳುಗುದುರೆಯು ಇಂಗ್ಲೆಂಡಿನ ಸಮೃದ್ಧ ಹುಲ್ಲುಗಾವಲುಗಳಲ್ಲಿ ಮುಪ್ಪನ್ನು ಕಳೆಯುವಾಗ, ಅದಕ್ಕೆ ಕ್ಷಾಮಕ್ಕಿಂತ ಸುಭಿಕ್ಷವೇ ಹೆಚ್ಚಿನ ವೈರಿಯೆನ್ನಬೇಕು. ಏಕೆಂದರೆ ವಸಂತದ ಎಳಹುಲ್ಲಿನ ಸಕ್ಕರೆಯು ಗೊರಸಿನೊಳಗೆ ದಾರುಣವಾದ ಉರಿಯೂತವನ್ನು ಹುಟ್ಟಿಸಬಲ್ಲುದು. ಆದರೆ ಇದೇ ಪ್ರಾಣಿಯು 20 ವರ್ಷಗಳನ್ನು ದಾಟಿದ ಮೇಲೆ ಮೈಯಿಳಿಯತೊಡಗಿತೆಂದರೆ, ಒಡೆಯನು ಧಾನ್ಯದ ಚೀಲವನ್ನು ಬಿಚ್ಚುವ ಮೊದಲು ಅದರ ಬಾಯಿಯನ್ನು ಪರೀಕ್ಷಿಸುವುದು ವಿವೇಕ. ಕುದುರೆಯ ದವಡೆಹಲ್ಲು ಸವೆದಂತೆಲ್ಲ ಒಸಡಿನಿಂದ ಮೇಲಕ್ಕೆ ಬರುತ್ತಿರುವುದಾದರೂ ಆ ನಿಧಿಯು ಅಕ್ಷಯವಲ್ಲ. ಅದು ತೀರುತ್ತ ಬಂದಾಗ ಮುದಿಪ್ರಾಣಿಯು ಅರೆಯಗಿದ ಹುಲ್ಲನ್ನು ಉಂಡೆಯುಂಡೆಯಾಗಿ ಉಗುಳುತ್ತದೆ, ಗೋದಲಿ ತುಂಬಿದ್ದೂ ಉಪವಾಸವಿರುತ್ತದೆ. 200 ಕಿಲೋ ತೂಗುವ ಕುಳ್ಳುಗುದುರೆಗೆ ದಿನಕ್ಕೆ 3ರಿಂದ 4 ಕಿಲೋ ಒಣಮೇವು ಸಲ್ಲಬೇಕಾಗಿರುವುದರಿಂದ, ಅಗಿಯಲಾರದ ಪಾಲನ್ನು ಚೆನ್ನಾಗಿ ನೆನೆದು ಮೆತ್ತಗಾದ ಹುಲ್ಲಿನ ಗಟ್ಟಿಗಳಿಂದಲೂ ಬೀಟ್‌ ಗೆಡ್ಡೆಯ ಸಿಹಿ ತೆಗೆದ ತಿರುಳಿನಿಂದಲೂ, ಒಂದೇ ಸಲಕ್ಕೆ ಸುರಿಯದೆ ಹಲವು ಹೊತ್ತಿಗೆ ಹಂಚಿ ತುಂಬುವುದು ರೂಢಿ. ನಮ್ಮ ಜಟಕಾ ಕುದುರೆಗಳಿಗೆ ಹುರುಳಿಯನ್ನು ಬೇಯಿಸಿ ಇಡುತ್ತಿದ್ದವರೂ ಮೆತ್ತಗಿನ ಮೇವಿನ ಈ ಗುಣವನ್ನು ಬಲ್ಲವರೇ. ಅವರ ಪ್ರಾಣಿಗಳಾದರೋ ದುಡಿಯುತ್ತಿದ್ದವು, ವಿಶ್ರಾಂತಿಯಲ್ಲಿರುವ ಮುದಿಪ್ರಾಣಿಗೆ ಅಷ್ಟು ಕಾಳು ಸಲ್ಲದು. ಬೇಸಗೆ ಬಂದರೂ ಚಳಿಗಾಲದ ದಟ್ಟರೋಮವು ಉದುರದಿದ್ದರೆ ಅದು ರೋಗದ ಕುರುಹಾಗಿರಬಹುದಾದುದರಿಂದ, ಮೇವನ್ನು ಬದಲಿಸುತ್ತ ಕಾಲಹರಣ ಮಾಡದೆ ಪಶುವೈದ್ಯನನ್ನು ಕರೆಸತಕ್ಕದ್ದು.